ಎದುರು ಕೂರುವವರು

ನೆಲ್ಯಾಡಿ
24 ಆಗಸ್ಟ್ 2024

ಪ್ರೀತಿಯ ಷಿಜಿ,

ಈ ಪಾರ್ಸೆಲಿನಲ್ಲಿರುವ ಹಲಸಿನ ಹಪ್ಪಳ ಅಮ್ಮಚ್ಚಿಯದು, ಪದ್ಯ ಅಚ್ಚಾದ ಪತ್ರಿಕೆ ನನ್ನದು. ಎರಡನ್ನೂ ನಿಮ್ಮ ಮಠದ ಮದರ್ ಬಿಚ್ಚಿ ನೋಡಿಯೇ ನಿನಗೆ ಕೊಡುತ್ತಾರೆ ಎಂದು ಗೊತ್ತು. ಹಪ್ಪಳ ಪಾಸಾಗುತ್ತದೆ. ಪದ್ಯದ ಬಗ್ಗೆ ನನಗೆ ಅಷ್ಟು ಧೈರ್ಯ ಇಲ್ಲ.

ಮೂಲೆ ಮಡಚಿಟ್ಟ ಪುಟದಲ್ಲಿದೆ. ಅಕ್ಕತಂಗಿಯರಿಬ್ಬರು ಬಸ್‌ಸ್ಟಾಪಿನಲ್ಲಿ ನಿಂತು ವಾದ ಮಾಡುತ್ತಾರೆ. ತಂಗಿ ಮಠ ಸೇರಲು ಹೊರಟಿದ್ದಾಳೆ, ಒಮ್ಮೆ ಒಳಗೆ ಹೋದರೆ ಮತ್ತೆ ಹೊರಗೆ ಕಾಲಿಡದಂಥ ಮಠ. ಅದು ಯಾವ ಬಸ್‌ಸ್ಟಾಪು, ಯಾವ ತಂಗಿ ಎಂದು ನಿನಗೆ ಬಿಡಿಸಿ ಹೇಳಬೇಕಾಗಿಲ್ಲ. ಐದು ವರ್ಷ ಇದನ್ನು ಬರೆಯಬಾರದು ಎಂದು ಇದ್ದೆ. ಆಮೇಲೆ ಒಂದು ಮಧ್ಯಾಹ್ನ ಕಾಲೇಜಿನಲ್ಲಿ ಉತ್ತರಪತ್ರಿಕೆ ತಿದ್ದುತ್ತಾ ಕೂತವಳು ಬರೆದುಬಿಟ್ಟೆ. ನಡುವಿನ ನಾಲ್ಕು ಸಾಲು ನನಗೆ ಇಷ್ಟ:

ಬಾಗಿಲು ಮುಚ್ಚಿದರೆ ಒಳಗಿದ್ದವರು ಯಾರು, ಹೊರಗಿದ್ದವರು ಯಾರು
ಎಂದಳು ಹೊರಡುವವಳು.
ಚಿಲಕ ಯಾವ ಬದಿಗೆ ಉಂಟೋ ಅದೇ ಒಳಗು
ಎಂದಳು ಉಳಿಯುವವಳು.

ಕೊನೆಯಲ್ಲಿ ಯಾರೂ ಗೆಲ್ಲುವುದಿಲ್ಲ. "ಅಷ್ಟರಲ್ಲಿ ಬಸ್ಸು ಬಂತು" ಎಂದು ಮುಗಿಯುತ್ತದೆ.

ಹೋದ ವಾರ ಸುಳ್ಯದ ಕವಿಗೋಷ್ಠಿಯಲ್ಲಿ ಓದಿದೆ. ಓದಿ ಮುಗಿಸುವ ಮೊದಲೇ ಎರಡು ಗುಂಪಾಯಿತು. ಒಬ್ಬರು ಅಜ್ಜಿ ಎದ್ದು, "ಅಕ್ಕ ಹೇಳುದೇ ಸರಿ, ಮನೆಯಲ್ಲಿ ಕೂತು ಪ್ರಾರ್ಥನೆ ಮಾಡ್ಲಿಕ್ಕೆ ಆಗುದಿಲ್ವಾ?" ಎಂದರು. ಹಿಂದಿನಿಂದ ಯಾರೋ ತಂಗಿಯ ಪರ ಜಗಳಕ್ಕೇ ನಿಂತರು. ಕೊನೆಗೆ ಒಬ್ಬರು ನನ್ನನ್ನೇ ಹಿಡಿದರು. "ಮೇಡಂ, ಅದೆಲ್ಲ ಇರ್ಲಿ, ನೀವು ಯಾರ ಪಾರ್ಟಿ?" ಕವಿ ಯಾರ ಪಾರ್ಟಿಯೂ ಅಲ್ಲ ಎಂದೆ. ಚಪ್ಪಾಳೆ ಬಿತ್ತು. ಕೆದಂಬಾಡಿಯ ಪ್ರೇಮನಾಥ ಸರ್ ಬಂದಿದ್ದರು, ನನ್ನ ಹಳೆಯ ಮೇಷ್ಟ್ರು, ಈಗ ನಿವೃತ್ತಿಯಾಗಿ ತಾಳಮದ್ದಳೆಯಲ್ಲಿ ಭಾಗವತಿಕೆ ಮಾಡುತ್ತಾರೆ. "ನೀನು ಪದ್ಯದೊಳಗೆ ಭಾಗವತ ಕೂತ ಹಾಗೆ ಕೂತಿದ್ದಿ ಮಾರಾಯ್ತಿ. ಇಬ್ಬರಿಗೂ ಪದ ಹೇಳಿಕೊಡ್ತಿ, ಯಾರ ಕಡೆಗೂ ವಾಲುದಿಲ್ಲ" ಎಂದರು. ಇದಕ್ಕಿಂತ ದೊಡ್ಡ ಹೊಗಳಿಕೆ ನನಗೆ ಸಿಕ್ಕಿಲ್ಲ. ಆದರೂ ಅಂದಿನಿಂದ ಕೂತಲ್ಲಿ ಕೂರಲಾಗುತ್ತಿಲ್ಲ. ಮಂಚದ ದಿಕ್ಕು ಬದಲಿಸಿದ್ದೇನೆ. ಅಮ್ಮಚ್ಚಿ ಬೈಯುತ್ತಿದ್ದಾಳೆ, ಹೆತ್ತವಳಲ್ಲವಾ.

ಓದಿ ಹೇಗಾಯಿತು ಬರೆ.

ನಿನ್ನ ಚೇಚಿ,
ಸಿಲ್ವಿ

---

ಮಠದಿಂದ
29 ಸೆಪ್ಟೆಂಬರ್ 2024

ಚೇಚಿ,

ಹಪ್ಪಳ ಎಲ್ಲರೂ ತಿಂದೆವು. ಪದ್ಯ ನಾನೊಬ್ಬಳೇ ಓದಿದೆ, ಹಲವು ಸಲ.

ಚೆನ್ನಾಗಿದೆ. ಚಿಲಕದ ಸಾಲು ಓದಿ ನಕ್ಕೆ, ಅದು ನಿನ್ನದೇ ನಾಲಿಗೆ. ಹೊರಡುವವಳ ಮಾತುಗಳನ್ನು ನಾನು ಆ ದಿನ ಹೇಳಿದ್ದಕ್ಕಿಂತ ಚೆನ್ನಾಗಿ ಹೇಳಿಸಿದ್ದೀ. ಅಷ್ಟು ಬುದ್ಧಿ ನನಗಿರಲಿಲ್ಲ. ಸುಳ್ಯದವರು ಯಾರ ಪಾರ್ಟಿ ಎಂದು ಕೇಳಿದ್ದರಲ್ಲಿ ಆಶ್ಚರ್ಯ ಇಲ್ಲ.

ಆದರೆ ಒಂದು ವಿಷಯ. ಆ ದಿನ ಬಸ್ಸು ಅಷ್ಟರಲ್ಲಿ ಬರಲಿಲ್ಲ. ಉಪ್ಪಿನಂಗಡಿಯಲ್ಲಿ ಎಲ್ಲೋ ನಿಂತಿತ್ತು. ನಮ್ಮ ವಾದ ಮುಗಿದು ಎಷ್ಟೋ ಹೊತ್ತು ನಾವು ಸುಮ್ಮನೆ ನಿಂತಿದ್ದೆವು. ನೀನು ಹೋಗುವುದರ ಒಳಿತನ್ನೂ ಹೇಳಿದ್ದೆ, ಹೋಗದಿರುವುದರ ಒಳಿತನ್ನೂ ಹೇಳಿದ್ದೆ, ಎರಡೂ ತೂಕವಾಗಿತ್ತು. ಆಗ ನಾನು ಕೇಳಿದೆ, "ಅದೆಲ್ಲ ಇರಲಿ, ಚೇಚಿ ಎಂತ ಹೇಳ್ತೀ?" ನೀನು ರಸ್ತೆ ನೋಡುತ್ತಾ ನಿಂತೆ. ಬಸ್ಸು ಆಮೇಲೆ ಬಂತು.

ಪದ್ಯದಲ್ಲಿ ಆ ಪ್ರಶ್ನೆ ಇಲ್ಲ. ನೀನು ಬಸ್ಸನ್ನು ಬೇಗ ತರಿಸಿದ್ದೀ.

ಈಗ ಇದನ್ನು ಎತ್ತಲು ಕಾರಣ ಉಂಟು. ನನ್ನ ನಿತ್ಯವ್ರತದ ಸಮಯ ಬಂದಿದೆ. ಈಸ್ಟರಿಗೆ ಮೊದಲಿನ ಉಪವಾಸದ ನೋಂಬು ಮುಗಿಯುವುದರೊಳಗೆ ಮದರ್‌ಗೆ ಹೌದು ಅಥವಾ ಇಲ್ಲ ಎನ್ನಬೇಕು. ಹೌದು ಎಂದರೆ ಈಸ್ಟರ್ ಕಳೆದು ಮೇ ಮೂರಕ್ಕೆ ವ್ರತ, ಆಮೇಲೆ ಜೀವಮಾನವಿಡೀ ಇಲ್ಲೇ. ಇಲ್ಲ ಎಂದರೆ ಮನೆಗೆ. ಯಾರೂ ಒತ್ತಾಯ ಮಾಡುತ್ತಿಲ್ಲ, ಅದೇ ಕಷ್ಟ. ಒಂದು ದಿನ ಹೌದು, ಇನ್ನೊಂದು ದಿನ ಇಲ್ಲ. ಬೀನ್ಸ್ ಸಾಲಿನಲ್ಲಿ ಕಳೆ ಕೀಳುತ್ತಾ ಇರುವಾಗ ಗಿಡವನ್ನೇ ಕಿತ್ತುಬಿಡುತ್ತೇನೆ.

ನಿನ್ನ,
ಷಿಜಿ

---

ಪುತ್ತೂರು, ಸ್ಟಾಫ್‌ರೂಮಿನಿಂದ
16 ಅಕ್ಟೋಬರ್ 2024

ಪ್ರೀತಿಯ ಷಿಜಿ,

ಪದ್ಯ ವರದಿ ಅಲ್ಲ. ಬಸ್ಸು ಎಷ್ಟು ಗಂಟೆಗೆ ಬಂತು ಎಂದು ಡಿಪೋದವರು ಬರೆದುಕೊಳ್ಳಲಿ. ವಾದ ಅದರ ಎತ್ತರಕ್ಕೆ ಹೋದಾಗ ನಿಲ್ಲಬೇಕು, ಅದಕ್ಕೆ ಬಸ್ಸು ಬಂತು. ತಾಳಮದ್ದಳೆಯಲ್ಲೂ ಅಷ್ಟೇ. ಅರ್ಥಧಾರಿಗಳು ವೇಷ ಇಲ್ಲದೆ ಬಿಳಿ ಪಂಚೆಯಲ್ಲಿ ಎದುರುಬದುರು ಕೂತು ಗಂಟೆಗಟ್ಟಲೆ ವಾದಿಸುತ್ತಾರೆ. ಭಾಗವತರು ಮುಂದಿನ ಪದ ಎತ್ತಿಕೊಂಡ ಕೂಡಲೇ ಬಾಯಿ ಮುಚ್ಚಬೇಕು. ಭಾಗವತರು ಒಬ್ಬರ ಪರ ನಿಂತರೆ ಕೂಟ ಕೆಟ್ಟುಹೋಗುತ್ತದೆ. ನಾನು ಅಕ್ಕನ ಪರ ನಿಂತು ಬರೆದಿದ್ದರೆ ತಂಗಿ ಬೊಂಬೆಯಾಗುತ್ತಿದ್ದಳು. ತಂಗಿಯ ಪರ ನಿಂತಿದ್ದರೆ ಅದು ಪ್ರಾರ್ಥನಾ ಪುಸ್ತಕವಾಗುತ್ತಿತ್ತು. ನನಗೆ ಇಬ್ಬರೂ ಬೇಕಿದ್ದರು, ಅದಕ್ಕೇ ಯಾರೂ ಆಗದೆ ಉಳಿದೆ.

ವ್ರತದ ವಿಷಯಕ್ಕೆ ಬಂದರೆ, ಹೇಳಲು ಬೇಕಾದಷ್ಟಿದೆ. ಆದರೆ ಪತ್ರ ನಿನಗಿಂತ ಮೊದಲು ಮದರ್ ಕೈಗೆ ಹೋಗುತ್ತದೆ. ಅವರು ಓದುವ ಕಾಗದದಲ್ಲಿ ಎಂತ ಬರೆಯುವುದು ಹೇಳು. ಭೇಟಿಗೆ ಬಂದಾಗ ಮಾತನಾಡೋಣ ಎಂದರೆ ಅಮ್ಮಚ್ಚಿ ನಡುವೆ ಕೂತು ನೆಲ್ಯಾಡಿಯ ಅಷ್ಟೂ ಮದುವೆ, ಮರಣ ಒಪ್ಪಿಸುತ್ತಾಳೆ. "ದೇವರಿಗೆ ಕೊಟ್ಟ ಮೇಲೆ ವಾಪಸ್ ಕೇಳುದುಂಟಾ?" ಎಂಬುದು ಅವಳ ವಾದ. ಹಾಗೆ ಹೇಳಿದವಳು ನಿನ್ನ ಹಳೆಯ ಛತ್ರಿಯನ್ನು ಯಾರಿಗೂ ಮುಟ್ಟಲು ಬಿಡುವುದಿಲ್ಲ.

ಬೆಲ್ ಆಯಿತು. ಕ್ಲಾಸಿದೆ.

ನಿನ್ನ ಚೇಚಿ,
ಸಿಲ್ವಿ

---

ಮಠದಿಂದ
20 ನವೆಂಬರ್ 2024

ಚೇಚಿ,

ಮದರ್‌ಗೆ ಕನ್ನಡ ಓದಲು ಬರುವುದಿಲ್ಲ. ಅವರು ಗೋವೆಯವರು. ನಿಯಮ ಇರುವುದಕ್ಕೆ ಕವರ್ ಒಡೆಯುತ್ತಾರೆ, ಕಾಗದ ಬಿಡಿಸುತ್ತಾರೆ, ಹಾಗೇ ಮಡಚಿ ನನಗೆ ಕೊಡುತ್ತಾರೆ. "ನಿನ್ನ ಅಕ್ಕನ ಅಕ್ಷರ ಚೆಂದ" ಎಂದು ಒಮ್ಮೆ ಹೇಳಿದ್ದರು. ಚಿಕ್ಕವರಿದ್ದಾಗ ಅಮ್ಮಚ್ಚಿಗೆ ತಿಳಿಯದಿರಲಿ ಎಂದು ಮಲಯಾಳ ಬಿಟ್ಟು ಕನ್ನಡದಲ್ಲಿ ಚೀಟಿ ಬರೆಯುತ್ತಿದ್ದೆವಲ್ಲ, ಈಗಲೂ ಅದೇ ನಡೆಯುತ್ತಿದೆ. ಆದ್ದರಿಂದ ಆ ನೆಪ ಬೇಡ.

ಭಾಗವತರಿಗೆ ಪಕ್ಷ ಇಲ್ಲ, ಒಪ್ಪಿದೆ. ಪದ್ಯದಲ್ಲಿ ನೀನು ಹಾಗೇ ಇರು. ಪದ್ಯದ ಹೊರಗೆ ನೀನು ನನ್ನ ಚೇಚಿ ಅಲ್ಲವಾ? ನನಗೆ ಎರಡೂ ಕಡೆಯ ನ್ಯಾಯ ಬೇಡ, ಅದು ನನ್ನ ತಲೆಯಲ್ಲೇ ಸಾಕಷ್ಟಿದೆ. ಒಂದು ಸಾಲು ಸಾಕು. ಚೇಚಿ ಎಂತ ಹೇಳ್ತೀ?

ಕ್ರಿಸ್ಮಸ್ಸಿನ ನೋಂಬು ಬರುತ್ತಿದೆ. ನೋಂಬಿನಲ್ಲಿ ಇಲ್ಲಿ ಪತ್ರ ಬರೆಯುವುದಿಲ್ಲ, ಬಂದದ್ದನ್ನು ಕೊಡುವುದೂ ಇಲ್ಲ. ಎಲ್ಲ ಕಟ್ಟಿಟ್ಟು ಹಬ್ಬದ ಮೇಲೆ ಕೊಡುತ್ತಾರೆ. ಹೊಸ ವರ್ಷಕ್ಕೆ ಕಾಯುತ್ತೇನೆ.

ನಿನ್ನ,
ಷಿಜಿ

---

ನೆಲ್ಯಾಡಿ
12 ಜನವರಿ 2025

ಪ್ರೀತಿಯ ಷಿಜಿ,

ಹೊಸ ವರ್ಷದ ಶುಭಾಶಯ. ಕ್ರಿಸ್ಮಸ್ಸಿಗೆ ಅಮ್ಮಚ್ಚಿ ಮಾಡಿದ ಕೇಕು ಉಬ್ಬಲಿಲ್ಲ. ರಬ್ಬರ್ ಶೀಟಿನ ಜೊತೆ ಇಟ್ಟರೆ ಗುರುತು ಸಿಗುತ್ತಿರಲಿಲ್ಲ ಎಂದೆ. ಮಾತು ಬಿಟ್ಟಳು. ಮರುದಿನ ಬೆಳಿಗ್ಗೆ ಕತ್ತಿ ಹಿಡಿದು ರಬ್ಬರ್ ಟ್ಯಾಪಿಂಗಿಗೆ ಹೋಗುವಾಗ ಆ ಕೇಕನ್ನೇ ಕಟ್ಟಿಕೊಂಡು ಹೋದಳು.

ಇರು, ಒಂದು ಕತೆ ಹೇಳಬೇಕು. ಪೆರಾಬೆಯಲ್ಲಿ ತಾಳಮದ್ದಳೆ ಇತ್ತು. ಅಣ್ಣತಮ್ಮಂದಿರ ಜಗಳದ ಪ್ರಸಂಗ. ಅಣ್ಣನಾಗಿ ಜತ್ತಪ್ಪ ಮಾಸ್ತರು, ತಮ್ಮನಾಗಿ ಉದಯ. ಪ್ರೇಮನಾಥ ಸರ್ ಪದ ಎತ್ತಿದರು, ಜತ್ತಪ್ಪ ಮಾಸ್ತರು ಪೀಠಿಕೆ ಹೇಳಿದರು, ಉದಯನ ಪತ್ತೆಯೇ ಇಲ್ಲ. ಬೈಕು ಕಡಬದಲ್ಲಿ ಕೈಕೊಟ್ಟಿತ್ತಂತೆ. ಜನ ಕೂತಾಗಿದೆ, ನಿಲ್ಲಿಸುವಂತಿಲ್ಲ. ಮಾಸ್ತರು ಧೈರ್ಯ ಮಾಡಿ ಎರಡೂ ಪಾತ್ರದ ಅರ್ಥವನ್ನು ತಾವೇ ಹೇಳಲು ಹೊರಟರು. "ನೀನು ಹೀಗೆ ಕೇಳಬಹುದು ತಮ್ಮಾ" ಎಂದು ತಾವೇ ಕೇಳುವುದು, ತಾವೇ ಉತ್ತರಿಸುವುದು. ಜಿಲ್ಲೆಯಲ್ಲೇ ಹೆಸರಿರುವ ಮಾತುಗಾರ, ಷಿಜಿ. ಸ್ವಲ್ಪ ಹೊತ್ತಿನಲ್ಲಿ ಬೆವರಿ ಒದ್ದೆಯಾದರು. ಒಮ್ಮೆ ತಮ್ಮನೇ ಗೆಲ್ಲುತ್ತಿದ್ದ, ಒಮ್ಮೆ ಅಣ್ಣ, ಯಾವುದೂ ನಿಲ್ಲಲಿಲ್ಲ. ಕೊನೆಗೆ, "ಎದುರು ಕೂರುವವ ಇಲ್ಲದಿದ್ದರೆ ನನ್ನ ಮಾತು ನನಗೇ ಕೇಳುದಿಲ್ಲ ಮಾರಾಯ್ರೆ" ಎಂದು ಎದ್ದು ಹೋಗಿ ಚಾ ಕುಡಿದರು. ಉದಯ ಗ್ರೀಸ್ ಕೈಯಲ್ಲೇ ಬಂದು ಎದುರು ಕೂತದ್ದೇ ತಡ, ಅದೇ ಮನುಷ್ಯ ಸಿಡಿದ ರೀತಿ ನೋಡಬೇಕಿತ್ತು.

ನಿನ್ನ ಪ್ರಶ್ನೆ ಮರೆತಿಲ್ಲ. ನೀನು ದೊಡ್ಡವಳು, ನಿರ್ಧಾರ ನಿನ್ನದು. ಅಲ್ಲಿ ಉಳಿಯುವುದರಲ್ಲೂ ಅರ್ಥ ಇದೆ, ಮನೆಗೆ ಬರುವುದರಲ್ಲೂ ಇದೆ. ನೀನು ಏನು ಮಾಡಿದರೂ ನಾನು ನಿನ್ನ ಜೊತೆ.

ನಿನ್ನ ಚೇಚಿ,
ಸಿಲ್ವಿ

---

ಮಠದಿಂದ
9 ಫೆಬ್ರವರಿ 2025

ಚೇಚಿ,

ಕತೆ ಓದಿ ನಕ್ಕೆ. ಕೊನೆಯ ನಾಲ್ಕು ಸಾಲು ಓದಿ ಸಿಟ್ಟು ಬಂತು. ಅದನ್ನು ಪಾಪನಿವೇದನೆಯಲ್ಲಿ ಹೇಳಿಯೂ ಆಯಿತು, ಸಿಟ್ಟು ಹೋಗಲಿಲ್ಲ.

"ನೀನು ಏನು ಮಾಡಿದರೂ ನಾನು ನಿನ್ನ ಜೊತೆ." ಜೊತೆ ಎಲ್ಲಿ ಚೇಚಿ? ಎಲ್ಲ ಕಡೆ ಇರುವವರು ನನ್ನ ಹತ್ತಿರ ಇರುವುದಿಲ್ಲ.

ದೊಡ್ಡ ನೋಂಬು ಬರುತ್ತಿದೆ. ನೋಂಬು ಹಿಡಿದ ಮೇಲೆ ಪತ್ರ ಇಲ್ಲ. ಈಸ್ಟರಿಗೆ ಒಂದು ವಾರ ಮೊದಲಿನ ಗರಿಗಳ ಭಾನುವಾರದೊಳಗೆ ನಾನು ಉತ್ತರ ಕೊಡಬೇಕು. ಇನ್ನು ನಿನ್ನನ್ನು ಕೇಳುವುದಿಲ್ಲ.

ಷಿಜಿ

---

ಪುತ್ತೂರು
1 ಮಾರ್ಚ್ 2025, ಶನಿವಾರ

ಷಿಜಿ,

ಇದನ್ನು ನೀನು ಓದುವುದು ಈಸ್ಟರ್ ಮೇಲೆ. ಸೋಮವಾರ ನೋಂಬು ಹಿಡಿಯುತ್ತದೆ, ಇವತ್ತು ಪೋಸ್ಟ್ ಮಾಡಿದರೆ ಅದಕ್ಕೆ ಮೊದಲು ತಲುಪುವುದಿಲ್ಲ. ಆ ಹೊತ್ತಿಗೆ ನೀನು ಮದರ್‌ಗೆ ಹೌದೋ ಇಲ್ಲವೋ ಹೇಳಿ ಆಗಿರುತ್ತದೆ. ಹಾಗಾಗಿ ಈಗ ಬರೆಯಬಹುದು. ಇದರಿಂದ ಯಾವುದೂ ಬದಲಾಗುವುದಿಲ್ಲ.

ಹೋಗಬೇಡ. ಅದೇ ನನ್ನ ಉತ್ತರ. ಬಸ್‌ಸ್ಟಾಪಿನಲ್ಲಿ ನೀನು ಕೇಳಿದಾಗಲೂ ಬಾಯಿ ತುಂಬ ಅದೇ ಇತ್ತು.

ಯಾಕೆ ಹೇಳಲಿಲ್ಲ ಎಂದರೆ, ಹೇಳಿದ್ದರೆ ನೀನು ನಿಲ್ಲುತ್ತಿದ್ದೆ. ಅಪ್ಪಚ್ಚನ್ ತೀರಿಕೊಂಡು ಮನೆಯಲ್ಲಿ ಅಪ್ಪನ ಜಾಗಕ್ಕೆ ನಾನು ಬಂದ ಮೇಲೆ ನೀನು ನನ್ನ ಮಾತು ಮೀರಿದ್ದೇ ಇಲ್ಲ. ನಾನು ಸೈನ್ಸ್ ತಗೋ ಅಂದೆ, ತಗೊಂಡೆ. ನಿನ್ನ ಕ್ಲಾಸಿನ ಅಮಲ್‌ನ ಜೊತೆ ಬೈಕಿನಲ್ಲಿ ಹೋಗಬೇಡ ಅಂದೆ, ಬಿಟ್ಟೆ. ಕೂದಲು ಕತ್ತರಿಸಬೇಡ ಅಂದದ್ದಕ್ಕೆ ಮೊಣಕಾಲವರೆಗೆ ಬೆಳೆಸಿ ಕೊನೆಗೆ ಮಠದಲ್ಲಿ ಕತ್ತರಿಸಿಕೊಂಡೆ. ಒಂದು ಶಬ್ದದಿಂದ ನಿನ್ನ ಜೀವಮಾನವನ್ನು ನಿಲ್ಲಿಸಲು ನನಗೆ ಹೆದರಿಕೆಯಾಯಿತು. ಆ ಹೆದರಿಕೆಗೆ ನಿರ್ಲಿಪ್ತತೆ ಎಂದು ಹೆಸರಿಟ್ಟು ಪದ್ಯ ಬರೆದೆ. ಚಪ್ಪಾಳೆಯನ್ನೂ ತಗೊಂಡೆ.

ಪದ್ಯದೊಳಗೆ ಯಾರ ಕಡೆಗೂ ಇಲ್ಲದೆ ಇರುವುದು ನನಗೆ ಕಷ್ಟವಾಗಲಿಲ್ಲ. ಮನೆಗೆ ಬಂದು ನಿನ್ನ ಖಾಲಿ ಮಂಚ ನೋಡುವಾಗ ಆಗುವುದಿಲ್ಲ. ನಿಮ್ಮ ಭೇಟಿಕೋಣೆಯಲ್ಲಿ ನಮ್ಮಿಬ್ಬರ ನಡುವಿನ ಆ ಗ್ರಿಲ್ ಕಂಡರೆ ನನಗೆ ಆಗುವುದಿಲ್ಲ. ಅದರ ಸಂದಿಯಲ್ಲಿ ನಿನ್ನ ಎರಡು ಬೆರಳು ಮುಟ್ಟಿ ಬಂದ ದಿನ ನಾನು ಯಾರ ಹತ್ತಿರವೂ ಸರಿಯಾಗಿ ಮಾತನಾಡುವುದಿಲ್ಲ. ಇಗರ್ಜಿಯಲ್ಲಿ ಪೂಜೆಯ ನಡುವೆ ಗಂಟೆ ಹೊಡೆಯುವ ಕಪ್ಯಾರ್ ಸೀನಿದರೆ ನಗು ತಡೆಯಲಾಗದೆ ಪಕ್ಕಕ್ಕೆ ತಿರುಗುತ್ತೇನೆ. ಪಕ್ಕದಲ್ಲಿ ಅಮ್ಮಚ್ಚಿ ಇರುತ್ತಾಳೆ, ಅವಳಿಗೆ ನಗು ಬರುವುದಿಲ್ಲ.

ನಿನ್ನ ದೇವರಿಗೆ ನನಗಿಂತ ಹೆಚ್ಚು ನಿನ್ನ ಅಗತ್ಯ ಉಂಟು ಎಂದು ನಾನು ನಂಬುವುದಿಲ್ಲ. ಇದು ಪಾಪವಾದರೆ ಆಗಲಿ. ಮನೆಗೆ ಬಾ.

ನೀನು ಇದನ್ನು ಓದುವಾಗ ಹೌದು ಎಂದು ಹೇಳಿ ಆಗಿದ್ದರೆ ಹರಿದು ಹಾಕು.

ಚೇಚಿ

---

ನೆಲ್ಯಾಡಿ
7 ಮಾರ್ಚ್ 2025

ಷಿಜಿ,

ಇದಂತೂ ನಿನಗೆ ಈಸ್ಟರ್‌ಗೇ ಸಿಗುತ್ತದೆ, ಈಗ ಅದರಲ್ಲಿ ಅನುಮಾನವಿಲ್ಲ. ಆದರೂ ಬರೆಯದೆ ಇರಲಾಗುತ್ತಿಲ್ಲ.

ಇವತ್ತು ಸ್ಟಾಫ್‌ರೂಮಿನಲ್ಲಿ ಮಂಗಳೂರಿನ ಟೀಚರೊಬ್ಬರು, "ಬುಧವಾರ ನೋಂಬಿಗೆ ಹಣೆಗೆ ಬೂದಿ ಹಾಕಿಸಿಕೊಂಡ ಮೇಲೆ ಮೀನು ಬಿಟ್ಟೆ" ಎಂದರು. ನನ್ನ ಕೈಯಲ್ಲಿದ್ದ ಚಾ ಚೆಲ್ಲಿತು. ಮನೆಗೆ ಓಡಿಬಂದು ಅಮ್ಮಚ್ಚಿಯನ್ನು ಕೇಳಿದೆ. "ನಮಗೆ ಸೋಮವಾರ. ಲ್ಯಾಟಿನ್‌ನವರಿಗೆ ಬುಧವಾರ ಅಲ್ಲವಾ ಮೋಳೆ? ಷಿಜಿಯ ಮಠದವರೂ ಅವರೇ" ಎಂದಳು, ಮೀನು ಇಲ್ಲದ ಸಾರಿಗೆ ಒಗ್ಗರಣೆ ಹಾಕುತ್ತಾ. ಕೇರಳದಿಂದ ಬಂದ ನಮ್ಮವರ ನೋಂಬಿನ ಲೆಕ್ಕ ಒಂದು, ಮಂಗಳೂರು, ಗೋವೆಯ ಲ್ಯಾಟಿನ್ ಸಭೆಯವರದು ಇನ್ನೊಂದು. ಹುಟ್ಟಿದಾಗಿನಿಂದ ಗೊತ್ತಿದ್ದದ್ದು. ಪತ್ರ ಬರೆಯುವ ಹೊತ್ತಿಗೆ ನನಗೆ ನಮ್ಮ ಮನೆಯ ಸೋಮವಾರ ಬಿಟ್ಟು ಬೇರೆ ನೋಂಬು ಇರಲಿಲ್ಲ.

ಹಾಗಾದರೆ ನನ್ನ ಶನಿವಾರದ ಪತ್ರ ಮಂಗಳವಾರವೇ ನಿನಗೆ ಸಿಕ್ಕಿರಬಹುದು. ನೀನು ಓದಿರಬಹುದು. ಹಿಂದಕ್ಕೆ ತೆಗೆದುಕೊಳ್ಳುವಂತಿಲ್ಲ, ವಿವರಿಸುವಂತಿಲ್ಲ, ಫೋನು ಮಾಡುವಂತಿಲ್ಲ. ಅಮ್ಮಚ್ಚಿಗೆ ಹೇಳುವಂತಿಲ್ಲ. ಮಂಚವನ್ನು ಮತ್ತೆ ಮೊದಲಿನ ದಿಕ್ಕಿಗೆ ಎಳೆದಿದ್ದೇನೆ.

ಆ ಪತ್ರದ ಮಾತು ಕೇಳಿ ಬರಬೇಡ. ಬಾ. ಆದರೆ ನನ್ನ ಮಾತು ಕೇಳಿ ಬರಬೇಡ. ಎಂಥ ವಾಕ್ಯ ನೋಡು, ಕನ್ನಡ ಕಲಿಸುವವಳು ಬರೆದದ್ದು.

ಚೇಚಿ

---

ಮಠದಿಂದ
21 ಏಪ್ರಿಲ್ 2025

ನನ್ನ ಚೇಚಿ,

ಈಸ್ಟರಿನ ಸಂತೋಷ ನಿನಗೂ ಅಮ್ಮಚ್ಚಿಗೂ ಇರಲಿ. ಚಾ ಚೆಲ್ಲಿದ ಪತ್ರ ಇವತ್ತು ಕೊಟ್ಟರು. ಇನ್ನೊಂದು ಮಂಗಳವಾರ ಮಧ್ಯಾಹ್ನವೇ ಸಿಕ್ಕಿತ್ತು. ಮದರ್ ಬಿಡಿಸಿ ನೋಡಿ, "ಈ ಸಲ ಅಕ್ಷರ ಅಷ್ಟು ಚೆಂದ ಇಲ್ಲ" ಎಂದರು.

ನೋಂಬು ಪೂರ್ತಿ ನಿನ್ನ ಹತ್ತಿರ ಜಗಳವಾಡಿದೆ. ಪೂಜೆಗೆ ಬೇಕಾದ ಓಸ್ತಿಯ ರೊಟ್ಟಿ ಬೇಯಿಸುವಾಗ, ಬಟ್ಟೆ ಒಗೆಯುವಾಗ, ಮೊಣಕಾಲೂರಿದಾಗ. ಒಂದು ತಟ್ಟೆ ಓಸ್ತಿ ಕರಟಿಹೋಯಿತು. ಮೊದಲಿಗೆ ನೀನೇ ಗೆಲ್ಲುತ್ತಿದ್ದೆ. "ನಿನ್ನ ದೇವರಿಗೆ ನನಗಿಂತ ಹೆಚ್ಚು ಅಗತ್ಯ ಇಲ್ಲ" ಎಂಬ ಮಾತಿಗೆ ನನ್ನ ಹತ್ತಿರ ಏನೂ ಇರಲಿಲ್ಲ. ಎರಡು ಸಲ ಮದರ್ ಕೋಣೆಯ ಬಾಗಿಲವರೆಗೆ ಹೋಗಿದ್ದೆ, ಮನೆಗೆ ಹೋಗುತ್ತೇನೆ ಎನ್ನಲು. ಆ ಎರಡೂ ಸಲ ಅವರು ತೋಟದಲ್ಲಿದ್ದರು.

ಆಮೇಲೆ ಒಂದು ಬೆಳಿಗ್ಗೆ ಕಳೆ ಕೀಳುತ್ತಿರುವಾಗ ಉತ್ತರ ತಾನಾಗಿ ಬಂತು. ದೇವರಿಗೆ ನನ್ನ ಅಗತ್ಯ ಇಲ್ಲ ಚೇಚಿ, ಅದು ಸರಿಯೇ. ಅಗತ್ಯ ಇರುವುದು ನನಗೆ. ಇಷ್ಟು ಸಣ್ಣ ಮಾತು ಐದು ವರ್ಷ ಎಲ್ಲಿತ್ತು ಎಂದು ಯೋಚಿಸಿದೆ. ಜತ್ತಪ್ಪ ಮಾಸ್ತರು ನೆನಪಾದರು. ನಾನೂ ಎರಡೂ ಅರ್ಥ ಒಬ್ಬಳೇ ಹೇಳುತ್ತಿದ್ದೆ. ಹೋಗಬೇಡ ಎನ್ನುವುದನ್ನೂ ನಾನೇ ಹೇಳಬೇಕು, ನಿನ್ನ ಸ್ವರದಲ್ಲಿ. ಹೋಗುತ್ತೇನೆ ಎನ್ನುವುದನ್ನೂ ನಾನೇ. ಆ ಪತ್ರದಲ್ಲಿ ನೀನು ಬಂದು ಎದುರು ಕೂತೆ. ನಿನ್ನ ಮಾತನ್ನು ನಾನು ನಿನಗೇ ಬಿಟ್ಟುಕೊಟ್ಟೆ. ಉಳಿದದ್ದು ನನ್ನದು ಎಂದು ಆಗ ಗೊತ್ತಾಯಿತು.

ಗರಿಗಳ ಭಾನುವಾರಕ್ಕೆ ಮೊದಲು ಮದರ್‌ಗೆ ಹೌದು ಎಂದು ಹೇಳಿದೆ. ಹೇಳಿ ಬಂದು ಅತ್ತೆ. ನೀನು ಹೋಗಬೇಡ ಎನ್ನದೇ ಇದ್ದಿದ್ದರೆ ನಾನು ಹೌದು ಎಂದರೂ ಅದು ಹೌದಾಗುತ್ತಿರಲಿಲ್ಲ. ನನ್ನ ಜೀವನದಲ್ಲಿ ಮೊದಲ ಸಲ ನಿನ್ನ ಮಾತು ಮೀರಿದ್ದೇನೆ. ನಿನಗೆ ಬೇಸರ ಆಗುತ್ತದೆ, ಗೊತ್ತು. ನನಗೂ ಆಗುತ್ತಿದೆ.

ಪತ್ರ ಹರಿದು ಹಾಕಿಲ್ಲ. ಮೇ ಮೂರಕ್ಕೆ ಬನ್ನಿ.

ನಿನ್ನ,
ಷಿಜಿ

---

ನೆಲ್ಯಾಡಿ
26 ಏಪ್ರಿಲ್ 2025

ಷಿಜಿ,

ನಿನ್ನ ಪತ್ರ ಓದಿ ರಬ್ಬರ್ ತೋಟಕ್ಕೆ ಹೋಗಿ ಅತ್ತು ಬಂದೆ. ಅಮ್ಮಚ್ಚಿ ಕಂಡಳು. ನಿನ್ನ ಛತ್ರಿ ತಂದು ಬಿಸಿಲಿಗೆ ನನ್ನ ತಲೆಯ ಮೇಲೆ ಹಿಡಿದಳು. ಐದು ವರ್ಷದಲ್ಲಿ ಅದನ್ನು ಬಿಚ್ಚಿದ್ದು ಇದೇ ಮೊದಲು.

ಕೆದಂಬಾಡಿಗೆ ಹೋಗಿ ಪ್ರೇಮನಾಥ ಸರ್ ಹತ್ತಿರ ಎಲ್ಲ ಹೇಳಿದೆ. ಅವರು, "ಭಾಗವತಿಕೆ ಬಿಟ್ಟು ಅರ್ಥ ಹೇಳ್ಲಿಕ್ಕೆ ಕೂತದ್ದಾ? ಹಾಗಾದ್ರೆ ಸೋಲ್ಲಿಕ್ಕೂ ಉಂಟು ಮಾರಾಯ್ತಿ" ಎಂದರು. ಮತ್ತೆ ಅವರೇ ಚಾ ಮಾಡಿ ಕೊಟ್ಟರು.

ಪದ್ಯ ತಿದ್ದಿದ್ದೇನೆ. ಚಿಲಕದ ಸಾಲಿನ ನಂತರ ಇಬ್ಬರೂ ಸುಮ್ಮನಾಗುತ್ತಾರೆ. ತಂಗಿ ನಿನ್ನ ಆ ಪ್ರಶ್ನೆ ಕೇಳುತ್ತಾಳೆ. ಅಕ್ಕ ಹೋಗಬೇಡ ಎನ್ನುತ್ತಾಳೆ. ತಂಗಿ ಹೋಗುತ್ತೇನೆ ಎನ್ನುತ್ತಾಳೆ. ಬಸ್ಸು ಆಮೇಲೆ ಬರುತ್ತದೆ. ಬರೆಯುವಾಗ ನಾನು ಈ ಸಲವೂ ಯಾರ ಕಡೆಗೂ ವಾಲಲಿಲ್ಲ, ಆಣೆ. ಅಕ್ಕನಿಗೆ ಅವಳ ಮಾತು ಕೊಟ್ಟೆ, ಅಷ್ಟೇ. ಮೊದಲಿನದೇ ಚೆನ್ನಾಗಿತ್ತು ಎಂದು ಸುಳ್ಯದವರು ಹೇಳಬಹುದು. ಹೇಳಲಿ.

ಶನಿವಾರ ಬೆಳಿಗ್ಗೆಯೇ ಬರುತ್ತೇವೆ. ಅಮ್ಮಚ್ಚಿ ಮತ್ತೆ ಕೇಕು ಮಾಡುತ್ತಾಳಂತೆ, ನಿನ್ನ ಮಠದವರಿಗೆ ಈಗಲೇ ತಿಳಿಸಿಡು. ವ್ರತದ ನಡುವೆ ಯಾರಿಗಾದರೂ ಆಕ್ಷೇಪ ಉಂಟಾ ಎಂದು ಬಿಷಪರು ಕೇಳಿದರೆ ನಾನು ಕೈ ಎತ್ತುವವಳೇ. ಕೇಳದಿದ್ದರೆ ಹೊಸ ಸೀರೆ ಉಟ್ಟು ಸುಮ್ಮನೆ ಅಳುತ್ತೇನೆ. ನನ್ನ ಮಾತು ಬದಲಾಗಿಲ್ಲ, ನಿನ್ನದೂ ಬದಲಾಗುವುದು ಬೇಡ. ಗ್ರಿಲ್ಲಿನ ಈಚೆ, ನೀನು ತಲೆ ಎತ್ತಿದರೆ ಕಾಣುವಲ್ಲಿ, ಎದುರಿಗೇ ಕೂತಿರುತ್ತೇನೆ.

ನಿನ್ನ ಚೇಚಿ,
ಸಿಲ್ವಿ